ಮಿಲಿಲೀಟರಿಗೆ ಬಿಲ್ಲು, ಎಣಿಕೆಗೆ ಸೊನ್ನೆ

ಇಪ್ಪತ್ತೈದು ಕೆ.ಜಿ. ತೂಗುವ ಲ್ಯಾಬ್ರಡಾರ್ ನಾಯಿಯ ಮೈಯಲ್ಲಿ ಎರಡು ಲೀಟರಿಗೆ ತುಸು ಮೇಲೆ ರಕ್ತ ಇರುತ್ತದೆ. ಕೆ.ಜಿ.ಗೆ 80ರಿಂದ 90 ಮಿ.ಲೀ. ಎಂಬುದು ಪಶುವೈದ್ಯರ ಲೆಕ್ಕ. ಅದರಿಂದ 18 ಮಿ.ಲೀ. ತೆಗೆದರೆ ನಾಯಿಗೆ ಗೊತ್ತೂ ಆಗುವುದಿಲ್ಲ. ಒಟ್ಟು ರಕ್ತದ ನೂರರಲ್ಲಿ ಒಂದು ಪಾಲೂ ಆಗದು. ಆ ನಾಯಿಯ ಪ್ಲೇಟ್‌ಲೆಟ್ ಎಣಿಕೆ ಮೈಕ್ರೊಲೀಟರಿಗೆ 3 ಲಕ್ಷ ಎಂದಿಟ್ಟುಕೊಳ್ಳಿ. ಆರೋಗ್ಯವಂತ ನಾಯಿಯಲ್ಲಿ ಇದು ಸುಮಾರು 2 ಲಕ್ಷದಿಂದ 5 ಲಕ್ಷದ ನಡುವೆ ಇರುತ್ತದೆ. ಒಂದು ಮಿ.ಲೀ.ಗೆ 30 ಕೋಟಿ, 18 ಮಿ.ಲೀ.ಗೆ 540 ಕೋಟಿ.

ಡೆಂಗಿ ದಯೆಯಿಂದ ಪ್ಲೇಟ್‌ಲೆಟ್ ಎಂಬ ಪದವನ್ನು ಕನ್ನಡಿಗರಿಗೆ ಯಾರೂ ವಿವರಿಸಬೇಕಾಗಿಲ್ಲ. ಜ್ವರ ಬಂದ ಮನೆಯಲ್ಲಿ ಬೆಳಿಗ್ಗೆ ಎಷ್ಟು, ಸಂಜೆ ಎಷ್ಟು ಎಂದು ಕೇಳುವುದು ರೂಢಿಯಾಗಿಬಿಟ್ಟಿದೆ. ಅದೇ ಮನೆಯವರು ಕುಂಟುವ ನಾಯಿಗೆ ‘ಪಿಆರ್‌ಪಿ’ ಕೊಡಿಸಲು ಹೋದಾಗ ಮಾತ್ರ ಆ ಪ್ರಶ್ನೆ ಬಾಯಿಗೆ ಬರುವುದಿಲ್ಲ. ಪಿಆರ್‌ಪಿ ಎಂದರೆ ಪ್ರಾಣಿಯದೇ ರಕ್ತ ತೆಗೆದು, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ, ಕೆಂಪು ಕಣಗಳನ್ನು ಬಿಟ್ಟು, ಪ್ಲೇಟ್‌ಲೆಟ್ ದಟ್ಟವಾಗಿರುವ ಪ್ಲಾಸ್ಮಾವನ್ನು ಮಾತ್ರ ನೋವಿರುವ ಕೀಲಿಗೋ ಹರಿದ ಸ್ನಾಯುರಜ್ಜುವಿಗೋ ಚುಚ್ಚುವುದು. ಗಾಯ ಮಾಯಲು ನೆರವಾಗುವ ಪ್ರೋಟೀನುಗಳು ಪ್ಲೇಟ್‌ಲೆಟ್ಟಿನೊಳಗೆ ಇರುತ್ತವೆ. ಹಾಗಾಗಿ ಔಷಧ ಅಂದರೆ ಇಲ್ಲಿ ಆ ಪ್ಲೇಟ್‌ಲೆಟ್ಟೇ. ಬಿಲ್ಲು ಬರುವುದು ಮಾತ್ರ ಇಂಜೆಕ್ಷನ್ನಿನ ಲೆಕ್ಕದಲ್ಲಿ, ಕೆಲವೆಡೆ ಮಿ.ಲೀ. ಲೆಕ್ಕದಲ್ಲಿ.

ನಮ್ಮ 540 ಕೋಟಿಗೆ ಮರಳೋಣ. ಇಪ್ಪತ್ತು ಮಿ.ಲೀ. ಸಿರಿಂಜಿನಲ್ಲಿ ಮೊದಲೇ 2 ಮಿ.ಲೀ. ಹೆಪ್ಪುರೋಧಕ ದ್ರಾವಣ ಎಳೆದುಕೊಂಡಿರುತ್ತಾರೆ. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು. ಎರಡು ಸುತ್ತು ತಿರುಗಿಸಿದ ಮೇಲೆ ಎಲ್ಲ ಪ್ಲೇಟ್‌ಲೆಟ್ ಕೈಗೆ ಸಿಗುವುದಿಲ್ಲ. ಒಂದಿಷ್ಟು ಕೆಂಪು ಕಣಗಳ ಜೊತೆ ಕೆಳಗೆ ಇಳಿದಿರುತ್ತದೆ, ಒಂದಿಷ್ಟು ಟ್ಯೂಬಿನ ಗೋಡೆಗೆ ಅಂಟಿರುತ್ತದೆ. ನೂರಕ್ಕೆ ಅರವತ್ತು ಸಿಕ್ಕಿತು ಎನ್ನೋಣ: 324 ಕೋಟಿ. ಇದನ್ನು 3 ಮಿ.ಲೀ. ಪ್ಲಾಸ್ಮಾದಲ್ಲಿ ಕಲಕಿದರೆ ಮೈಕ್ರೊಲೀಟರಿಗೆ 10.8 ಲಕ್ಷ, ಅಂದರೆ ಮೂಲ ರಕ್ತದ 3.6 ಪಟ್ಟು. ಅದೇ 324 ಕೋಟಿಯನ್ನು 6 ಮಿ.ಲೀ. ಪ್ಲಾಸ್ಮಾದಲ್ಲಿ ಕಲಕಿದರೆ 5.4 ಲಕ್ಷ, 1.8 ಪಟ್ಟು. ಮಿ.ಲೀ. ಲೆಕ್ಕದಲ್ಲಿ ಹಣ ಕೊಡುವವರಿಗೆ ಎರಡನೆಯ ಸಿರಿಂಜು ದುಪ್ಪಟ್ಟು ದುಬಾರಿ, ಸತ್ವದಲ್ಲಿ ಅರ್ಧ. ಕಣ್ಣಿಗೆ ಎರಡೂ ಒಂದೇ: ತಿಳಿ ಹಳದಿ, ಸ್ವಲ್ಪ ಮಬ್ಬು.

‘ಐದು ಪಟ್ಟು ಸಾಂದ್ರತೆ’ ಎಂಬ ಮಾತು ಪಿಆರ್‌ಪಿ ಕಿಟ್‌ಗಳ ಜಾಹೀರಾತಿನಲ್ಲಿ ಎದ್ದು ಕಾಣುತ್ತದೆ. ಎಷ್ಟರ ಐದು ಪಟ್ಟು? ಕುದುರೆಯ ರಕ್ತದಲ್ಲಿ ಪ್ಲೇಟ್‌ಲೆಟ್ ಮೊದಲೇ ಕಡಿಮೆ, ಮೈಕ್ರೊಲೀಟರಿಗೆ ಒಂದು ಲಕ್ಷದಿಂದ ಎರಡೂವರೆ ಲಕ್ಷದ ಆಸುಪಾಸು. ಎಣಿಕೆ 1.2 ಲಕ್ಷ ಇರುವ, 450 ಕೆ.ಜಿ. ತೂಗುವ ಕುದುರೆಯಿಂದ 54 ಮಿ.ಲೀ. ತೆಗೆದಿರಿ ಎನ್ನಿ. ಅದರ ಮೈಯಲ್ಲಿ 34 ಲೀಟರ್ ರಕ್ತ ಇರುವಾಗ ಇದು ಲೆಕ್ಕಕ್ಕೇ ಇಲ್ಲ. ಒಳಗಿರುವುದು 648 ಕೋಟಿ, ಶೇ 60 ಸಿಕ್ಕರೆ 389 ಕೋಟಿ, ಆರು ಮಿ.ಲೀ.ಗೆ ಇಳಿಸಿದರೆ ಮೈಕ್ರೊಲೀಟರಿಗೆ ಸುಮಾರು 6.5 ಲಕ್ಷ. ಪಟ್ಟಿನ ಲೆಕ್ಕದಲ್ಲಿ ಕುದುರೆಗೆ 5.4, ನಾಯಿಗೆ 3.6. ಕಣದ ಲೆಕ್ಕದಲ್ಲಿ ನಾಯಿಗೆ 10.8 ಲಕ್ಷ, ಕುದುರೆಗೆ 6.5 ಲಕ್ಷ. ‘ಪಟ್ಟು’ ನಂಬಿದವರು ಕುದುರೆಯ ಔಷಧವೇ ಗಟ್ಟಿ ಅಂದುಕೊಳ್ಳುತ್ತಾರೆ.

ಮೈಕ್ರೊಲೀಟರಿಗೆ ಹತ್ತು ಲಕ್ಷ ಇರಬೇಕು ಎಂಬ ಮಾತು ಬಂದದ್ದು ಮನುಷ್ಯರ ವೈದ್ಯಕೀಯದಿಂದ. ಅಮೆರಿಕದ ಬಾಯಿ-ದವಡೆ ಶಸ್ತ್ರವೈದ್ಯ ರಾಬರ್ಟ್ ಮಾರ್ಕ್ಸ್ 2001ರಲ್ಲಿ ಈ ಅಂಕಿಯನ್ನು ಮುಂದಿಟ್ಟರು. ದವಡೆ ಮೂಳೆಗೆಂದು ಹೇಳಿದ ಸಂಖ್ಯೆ ನಾಯಿಯ ಮೊಣಕಾಲಿಗೂ ಕುದುರೆಯ ಮುಂಗಾಲಿಗೂ ನಡೆದುಕೊಂಡು ಬಂದಿತು. ಬೆಕ್ಕಿನ ವಿಷಯದಲ್ಲಿ ಎಣಿಕೆಯೇ ಕೈಕೊಡುತ್ತದೆ. ಅದರ ಪ್ಲೇಟ್‌ಲೆಟ್‌ಗಳು ಗಾತ್ರದಲ್ಲಿ ದೊಡ್ಡವು, ಸೂಜಿ ತಾಗಿದ್ದೇ ತಡ ಗುಂಪುಕಟ್ಟುತ್ತವೆ, ಯಂತ್ರ ಆ ಗುಂಪನ್ನು ಬೇರೇನೋ ಎಂದು ಓದುತ್ತದೆ. ವರದಿಯಲ್ಲಿ 40 ಸಾವಿರ ಎಂದು ಬಂದ ಬೆಕ್ಕಿಗೆ ನಿಜಕ್ಕೂ 3 ಲಕ್ಷ ಇರಬಹುದು. ಹಸುವಿನವು ತದ್ವಿರುದ್ಧ, ತೀರ ಸಣ್ಣವು. ನಾಯಿಗೆ ಹೊಂದಿಸಿದ ವೇಗ ಹಸುವಿನ ರಕ್ತಕ್ಕೆ ಒಗ್ಗುವುದಿಲ್ಲ.

ವೇಗದ ವಿಷಯ ಬಂದಿತಲ್ಲ, ಅಲ್ಲೊಂದು ಗೊಂದಲ ಕೂತಿದೆ. ನಿಮಿಷಕ್ಕೆ 1,500 ಸುತ್ತು, ಹತ್ತು ನಿಮಿಷ ಎಂಬ ‘ವಿಧಾನ’ ಒಬ್ಬರಿಂದ ಒಬ್ಬರಿಗೆ ವಾಟ್ಸ್‌ಆ್ಯಪಿನಲ್ಲಿ ಹೋಗುತ್ತಿರುತ್ತದೆ. ಸುತ್ತಿನ ಸಂಖ್ಯೆಯೊಂದರಿಂದ ಏನೂ ತಿಳಿಯದು. ಕಣವನ್ನು ತಳಕ್ಕೆ ತಳ್ಳುವ ಬಲಕ್ಕೆ ಸೂತ್ರ ಇದೆ: ತಿರುಗುವ ತೋಳಿನ ಉದ್ದ ಸೆಂಟಿಮೀಟರಿನಲ್ಲಿ, ಗುಣಿಸು ಸುತ್ತಿನ ಸಂಖ್ಯೆಯ ವರ್ಗ, ಗುಣಿಸು 0.00001118. ಮೇಜಿನ ಮೇಲಿಡುವ ಸಣ್ಣ ಯಂತ್ರದ ತೋಳು 8 ಸೆಂ.ಮೀ. ಇದ್ದರೆ 1,500 ಸುತ್ತಿಗೆ ಬರುವ ಬಲ ಗುರುತ್ವದ 201 ಪಟ್ಟು. ಕಾಲೇಜಿನ ಪ್ರಯೋಗಾಲಯದ ದೊಡ್ಡ ಯಂತ್ರದ ತೋಳು 16 ಸೆಂ.ಮೀ. ಇದ್ದರೆ ಅದೇ 1,500 ಸುತ್ತಿಗೆ 402 ಪಟ್ಟು. ಒಂದರಲ್ಲಿ ಪ್ಲೇಟ್‌ಲೆಟ್ ಮೇಲೆ ತೇಲುತ್ತಿರುವಾಗ ಇನ್ನೊಂದರಲ್ಲಿ ಕೆಂಪು ಕಣದ ಜೊತೆ ತಳ ಸೇರಿರುತ್ತದೆ. ದೊಡ್ಡ ಯಂತ್ರವನ್ನು ಸುಮಾರು 1,060 ಸುತ್ತಿಗೆ ಇಳಿಸಿದರೆ ಎರಡೂ ಸಮ. ಅಳತೆಪಟ್ಟಿ ಹಿಡಿದು ತೋಳು ಅಳೆಯಲು ಒಂದು ನಿಮಿಷ ಸಾಕು.

ಎಣಿಸುವುದೂ ಅಂಥ ಬ್ರಹ್ಮವಿದ್ಯೆಯಲ್ಲ. ಪಶುವೈದ್ಯ ಪದವಿಯ ಮೊದಲ ವರ್ಷಗಳಲ್ಲೇ ಎಲ್ಲರೂ ಕೈಯಾಡಿಸಿರುವ ನ್ಯೂಬಾವರ್ ಗಾಜಿನ ಕೋಣೆ ಇದಕ್ಕೆ ಸಾಕು. ಪಿಆರ್‌ಪಿಯ ಒಂದು ಹನಿಯನ್ನು ಶೇ 1ರ ಅಮೋನಿಯಂ ಆಕ್ಸಲೇಟ್ ದ್ರಾವಣದಲ್ಲಿ 200 ಪಟ್ಟು ತೆಳುಮಾಡುತ್ತಾರೆ. ಉಳಿದ ಕೆಂಪು ಕಣಗಳು ಅದರಲ್ಲಿ ಒಡೆದು ಹೋಗುತ್ತವೆ. ಗಾಜಿನ ಕೋಣೆಗೆ ತುಂಬಿ, ಒದ್ದೆ ಕಾಗದ ಹಾಸಿದ ಪೆಟ್ರಿ ತಟ್ಟೆಯೊಳಗೆ ಮುಚ್ಚಿ, ಹತ್ತು ನಿಮಿಷ ಬಿಡಬೇಕು. ಆಗ ಪ್ಲೇಟ್‌ಲೆಟ್‌ಗಳು ತೇಲಾಡುವುದು ನಿಂತು ಗಾಜಿನ ಮೇಲೆ ಕೂರುತ್ತವೆ. ಸೂಕ್ಷ್ಮದರ್ಶಕದ ಬೆಳಕು ತಗ್ಗಿಸಿ ನೋಡಿದರೆ ಸಣ್ಣ ಹೊಳೆಯುವ ಚುಕ್ಕಿಗಳು. ನಡುವಿನ ದೊಡ್ಡ ಚೌಕದಲ್ಲಿ 25 ಪುಟ್ಟ ಚೌಕಗಳಿರುತ್ತವೆ. ನಾಲ್ಕು ಮೂಲೆಯವು ಮತ್ತು ನಡುವಿನದು, ಐದನ್ನು ಎಣಿಸಿದರೆ ಸಾಕು. ಐದರಲ್ಲಿ ಒಟ್ಟು 100 ಚುಕ್ಕಿ ಸಿಕ್ಕರೆ 100×5×10×200, ಅಂದರೆ ಮೈಕ್ರೊಲೀಟರಿಗೆ ಸರಿಯಾಗಿ 10 ಲಕ್ಷ. ಮೂವತ್ತೇ ಸಿಕ್ಕಿತೇ? 3 ಲಕ್ಷ. ನಾಯಿಯ ಮೈಯಲ್ಲಿ ಹರಿಯುವ ರಕ್ತಕ್ಕೂ ಸಿರಿಂಜಿನಲ್ಲಿರುವುದಕ್ಕೂ ಪ್ಲೇಟ್‌ಲೆಟ್ ಮಟ್ಟಿಗೆ ವ್ಯತ್ಯಾಸವಿಲ್ಲ. ಅಂಥದ್ದನ್ನು ಚುಚ್ಚುವುದಕ್ಕಿಂತ ಇನ್ನೊಮ್ಮೆ ರಕ್ತ ತೆಗೆಯುವುದು ಮೇಲು.

ಹಾಗಾದರೆ ಎಣಿಕೆ ಏಕೆ ಆಗುವುದಿಲ್ಲ? ಹಣದ ಲೆಕ್ಕ ಹಾಕಿ ನೋಡಬಹುದು. ದರಗಳು ಊರಿಂದ ಊರಿಗೆ ಬೇರೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ಹಾಗಾಗಿ ಕೆಳಗಿನವು ಲೆಕ್ಕದ ದಾರಿ ತೋರಿಸಲು ನಾನು ಹಿಡಿದ ಮೊತ್ತಗಳು, ಯಾವ ಆಸ್ಪತ್ರೆಯ ದರಪಟ್ಟಿಯೂ ಅಲ್ಲ.

ಸೆಂಟ್ರಿಫ್ಯೂಜ್ (₹60,000, ಐದು ವರ್ಷ, ತಿಂಗಳಿಗೆ ನಾಲ್ಕು ಪ್ರಾಣಿ): ಪ್ರಾಣಿಗೆ ₹250
ಸಿರಿಂಜ್, ಟ್ಯೂಬ್, ಸೂಜಿ, ಹೆಪ್ಪುರೋಧಕ, ಕೈಗವಸು, ಮಂಪರಿನ ಔಷಧ: ₹900
ವೈದ್ಯರ ಸಮಯ, 75 ನಿಮಿಷ, ಗಂಟೆಗೆ ₹1,500ರಂತೆ: ₹1,875
ಎಣಿಕೆಗೆ 20 ನಿಮಿಷ: ₹500
ಒಟ್ಟು: ₹3,525

ಎಣಿಕೆಯ ಪಾಲು ಏಳರಲ್ಲಿ ಒಂದು. ಕೈಬಿಟ್ಟರೆ ಗಿರಾಕಿಗೆ ಗೊತ್ತಾಗದ ಏಕೈಕ ಸಾಲೂ ಅದೇ. ಯಂತ್ರದ ಸಾಲನ್ನೂ ಗಮನಿಸಿ. ತಿಂಗಳಿಗೆ ನಾಲ್ಕರ ಬದಲು ಎರಡು ತಿಂಗಳಿಗೊಂದು ಪ್ರಾಣಿ ಬರುವ ಕ್ಲಿನಿಕ್ಕಿನಲ್ಲಿ ಐದು ವರ್ಷಕ್ಕೆ ಮೂವತ್ತೇ ಪ್ರಾಣಿ. ₹250 ಇದ್ದದ್ದು ₹2,000 ಆಗುತ್ತದೆ. ‘ಇವರಲ್ಲಿ ದುಬಾರಿ, ಅವರಲ್ಲಿ ಅಗ್ಗ’ ಎಂಬ ದೂರಿನ ಹಿಂದೆ ಅನೇಕ ಸಲ ಇಷ್ಟೇ ಇರುತ್ತದೆ.

ಕಣಗಳನ್ನು ಎಣಿಸಿ ಮಾರುವ ಶಿಸ್ತು ನಮ್ಮ ಪಶುವೈದ್ಯಕ್ಕೆ ಹೊಸದೇನಲ್ಲ. ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಉತ್ಪಾದನಾ ಮತ್ತು ತರಬೇತಿ ಸಂಸ್ಥೆ ಇದೆ, ಹಾಲು ಮಹಾಮಂಡಳಿಯ ನಂದಿನಿ ವೀರ್ಯ ಕೇಂದ್ರವಿದೆ. ಅಂಥ ಕಡೆಗಳಿಂದ ಹಳ್ಳಿಯ ಕೃತಕ ಗರ್ಭಧಾರಣೆ ಕೇಂದ್ರಕ್ಕೆ ಬರುವ ಕಡ್ಡಿಯ ಗಾತ್ರ 0.25 ಮಿ.ಲೀ. ದೇಶದ ಕನಿಷ್ಠ ಗುಣಮಟ್ಟದ ನಿಯಮದಂತೆ ಅದರಲ್ಲಿ 2 ಕೋಟಿ ವೀರ್ಯಾಣು ಇರಬೇಕು, ಹಿಮ ಕರಗಿಸಿದ ಮೇಲೆ ಅರ್ಧದಷ್ಟಾದರೂ ಚಲಿಸುತ್ತಿರಬೇಕು. ಅಂದರೆ ಒಂದು ಕೋಟಿ ಚುರುಕಿನ ಜೀವಕೋಶ. ಕಡ್ಡಿಯ ಮೈಮೇಲೆ ಹೋರಿಯ ಸಂಖ್ಯೆ, ತಳಿ, ದಿನಾಂಕ ಎಲ್ಲ ಅಚ್ಚಾಗಿರುತ್ತದೆ. ಹಾಲು ಸಂಘದ ಪಕ್ಕದ ಕೋಣೆಯಲ್ಲಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ಕ್ಯಾನಿನಲ್ಲಿ ಇಂಥವು ನೂರಾರು ಅದ್ದಿ ಕೂತಿರುತ್ತವೆ. ಹಸುವಿನ ಕಡ್ಡಿಗೆ ಇರುವ ಈ ಖಾತರಿ ನಗರದ ನಾಯಿಯ ಮೊಣಕಾಲಿಗೆ ಹೋಗುವ ಎಷ್ಟೋ ಪಟ್ಟು ದುಬಾರಿಯ ಸಿರಿಂಜಿಗೆ ಇಲ್ಲ. ಇದನ್ನು ನಾನು ಸಣ್ಣ ವಿಷಯ ಎನ್ನಲಾರೆ.

ಕಾಂಡಕೋಶದ (ಸ್ಟೆಮ್ ಸೆಲ್) ಚಿಕಿತ್ಸೆಗೆ ಬಂದರೆ ಎಣಿಕೆ ತಪ್ಪಿಸಿಕೊಳ್ಳಲು ಬರುವುದಿಲ್ಲ, ಏಕೆಂದರೆ ಅಲ್ಲಿ ಮೊದಲ ಸಮಸ್ಯೆಯೇ ಸಂಖ್ಯೆಯದು. ಅಸ್ಥಿಮಜ್ಜೆಯಲ್ಲಿ ಬೇಕಾದ ಬಗೆಯ ಕಾಂಡಕೋಶ ಇರುವುದು ಹತ್ತು ಸಾವಿರ ಕೋಶಕ್ಕೊಂದರಿಂದ ಲಕ್ಷಕ್ಕೊಂದು. ಕುದುರೆಯ ಎದೆಮೂಳೆಯಿಂದ 10 ಮಿ.ಲೀ. ಮಜ್ಜೆ ಎಳೆದು, ಅದರಲ್ಲಿ ಹತ್ತು ಕೋಟಿ ಕೋಶ ಸಿಕ್ಕಿತು ಎಂದುಕೊಂಡರೂ ಕಾಂಡಕೋಶ ಸಿಗುವುದು ಒಂದು ಸಾವಿರದಿಂದ ಹತ್ತು ಸಾವಿರ. ಚಿಕಿತ್ಸೆಗೆ ಬೇಕಾದದ್ದು ಒಂದು ಕೋಟಿ. ಹತ್ತು ಸಾವಿರವನ್ನು ಕೋಟಿ ಮಾಡಲು ಸಾವಿರ ಪಟ್ಟು ಬೆಳೆಸಬೇಕು. ಒಂದು ಎರಡಾಗಿ, ಎರಡು ನಾಲ್ಕಾಗಿ ಹತ್ತು ಸಲ ಇಮ್ಮಡಿ. ಪ್ರತಿ ಇಮ್ಮಡಿಗೆ ಎರಡು ದಿನ ಹಿಡಿದರೆ 20 ದಿನ. ಒಂದು ಸಾವಿರದಿಂದ ಶುರುವಾದರೆ ಹದಿಮೂರು-ಹದಿನಾಲ್ಕು ಸಲ, 27 ದಿನ. ಕುದುರೆಗೆ ಗಾಯವಾದ ಸುಮಾರು ತಿಂಗಳಿಗೆ ಕೋಶಗಳನ್ನು ಚುಚ್ಚುತ್ತಾರಲ್ಲ, ಆ ಕಾಲಾವಧಿಯ ಹಿಂದೆ ಈ ಗಣಿತವೂ ಇದೆ. ಕೊಬ್ಬಿನಲ್ಲಿ ಕಾಂಡಕೋಶದ ಪ್ರಮಾಣ ಇದಕ್ಕಿಂತ ಎಷ್ಟೋ ಹೆಚ್ಚು. ಅಮೆರಿಕದ ಕ್ಯಾಲಿಫೋರ್ನಿಯಾದ ವೆಟ್-ಸ್ಟೆಮ್ ಕಂಪನಿ ಎರಡು ದಶಕದ ಹಿಂದೆಯೇ ಕುದುರೆ, ನಾಯಿಗಳ ಕೊಬ್ಬು ತರಿಸಿಕೊಂಡು ಕೋಶ ಬೇರ್ಪಡಿಸಿ ಕಳಿಸುವ ವ್ಯಾಪಾರಕ್ಕೆ ಇಳಿದದ್ದು ಅದಕ್ಕೇ.

ಕುದುರೆಯ ಮುಂಗಾಲಿನ ಹಿಂಬದಿಯ ಸ್ನಾಯುರಜ್ಜುವಿಗೆ, ಅದರದೇ ಮಜ್ಜೆಯಿಂದ ಬೆಳೆಸಿದ ಕಾಂಡಕೋಶ ಚುಚ್ಚಿದ ಮೊದಲ ವರದಿ ಪ್ರಕಟವಾದದ್ದು 2003ರಲ್ಲಿ, ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ರೋಜರ್ ಸ್ಮಿತ್ ಮತ್ತು ಸಂಗಡಿಗರಿಂದ. ಒಂಬತ್ತು ವರ್ಷಗಳ ನಂತರ, 2012ರಲ್ಲಿ, ಅದೇ ಬಳಗ 113 ಓಟದ ಕುದುರೆಗಳ ಫಲಿತಾಂಶ ಬಿಚ್ಚಿಟ್ಟಿತು. ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಉಲ್ಲೇಖಗೊಳ್ಳುವ ಅಂಕಿಗಳಲ್ಲಿ ಅದರದೂ ಒಂದು. ಶೇ 98.2ರಷ್ಟು ಕುದುರೆಗಳು ಮತ್ತೆ ಓಡಿದವು. ಮತ್ತೆ ಗಾಯ ಮಾಡಿಕೊಂಡವು ಶೇ 27.4. ಬೇರೆ ರೀತಿ ಚಿಕಿತ್ಸೆ ಪಡೆದ, ತಡೆಬೇಲಿ ಜಿಗಿದು ಓಡುವ ಕುದುರೆಗಳಲ್ಲಿ ಆಗ ಪ್ರಕಟವಾಗಿದ್ದ ಮರುಗಾಯದ ದರ ಶೇ 53. ಅರ್ಧಕ್ಕರ್ಧ ಕಡಿಮೆ.

ಅಂಕಿಯನ್ನು ಒಡೆದು ನೋಡಿದರೆ ಬೇರೆ ಚಿತ್ರ. 113ರಲ್ಲಿ 105 ಜಿಗಿತದ ಓಟದವು. ಅವುಗಳಲ್ಲಿ 27ಕ್ಕೆ ಮರುಗಾಯ, ಶೇ 25.7. ಸಪಾಟು ನೆಲದ ಮೇಲೆ ಓಡುವವು ಎಂಟೇ ಎಂಟು. ಅವುಗಳಲ್ಲಿ ನಾಲ್ಕಕ್ಕೆ ಮರುಗಾಯ, ಶೇ 50. ಬೆಂಗಳೂರಿನ ಟರ್ಫ್ ಕ್ಲಬ್ಬಿನಲ್ಲಿ, ಮೈಸೂರಿನ ರೇಸ್ ಕ್ಲಬ್ಬಿನಲ್ಲಿ ನಡೆಯುವುದು ಸಪಾಟು ಓಟ. ಕುಣಿಗಲ್ಲಿನ ಫಾರಂನಲ್ಲಿ ಹುಟ್ಟುವ ಮರಿಗೂ ಮುಂದೆ ಕಾದಿರುವುದು ಅದೇ. ಹಾಗಿದ್ದೂ ಇಲ್ಲಿಯ ಮಾಲೀಕರಿಗೆ ತೋರಿಸಲು ಸಿಗುವ ಅಂಕಿ ಶೇ 27. ಎಂಟರಲ್ಲಿ ನಾಲ್ಕು ಎಂಬುದರಿಂದ ಚಿಕಿತ್ಸೆ ವ್ಯರ್ಥ ಎಂದೂ ಹೇಳಲಾಗದು. ಸಂಖ್ಯಾಶಾಸ್ತ್ರದ ಪ್ರಕಾರ ಎಂಟು ಕುದುರೆಗಳ ಶೇ 50ರ ಹಿಂದಿನ ನಿಜವಾದ ದರ ಶೇ 16ರಿಂದ 84ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಇನ್ನೊಂದು: ಈ 113 ಕುದುರೆಗಳ ಪಕ್ಕದಲ್ಲಿ ಅದೇ ಕಾಲದಲ್ಲಿ, ಅದೇ ಆರೈಕೆಯಲ್ಲಿ, ಕೋಶ ಪಡೆಯದ ಕುದುರೆಗಳ ಸಾಲು ಇರಲಿಲ್ಲ. ಹೋಲಿಕೆ ಹಳೆಯ ವರದಿಗಳ ಜೊತೆ.

ಈಗ ಹಣ. ಸ್ನಾಯುರಜ್ಜು ಹರಿದ ಕುದುರೆಗೆ ಯಾವ ಇಂಜೆಕ್ಷನ್ ಕೊಟ್ಟರೂ ವಿಶ್ರಾಂತಿ ತಪ್ಪುವುದಿಲ್ಲ. ಮೊದಲು ಲಾಯದಲ್ಲಿ ಕಟ್ಟು, ಆಮೇಲೆ ಕೈಹಿಡಿದು ನಡಿಗೆ, ಆಮೇಲೆ ನಿಧಾನದ ಓಟ. ಎಲ್ಲ ಸೇರಿ 48 ವಾರದ ಕಾರ್ಯಕ್ರಮ. ಮೇವು, ಲಾಯ, ಸಯೀಸರ ಕೂಲಿ ಸೇರಿ ದಿನಕ್ಕೆ ₹1,000 ಎಂದು ಹಿಡಿಯಿರಿ. 336 ದಿನಕ್ಕೆ ₹3,36,000. ಓಡದೆ ತಿನ್ನುವ ಖರ್ಚು ಇದು. ಮರುಗಾಯವಾದರೆ ಇದೇ ಖರ್ಚು ಇನ್ನೊಂದು ಸಲ. ಜಿಗಿತದ ಕುದುರೆಯ ಅಂಕಿ ನಂಬಿದರೆ 53ರಿಂದ 25.7ಕ್ಕೆ ಇಳಿತ, 27.3 ಅಂಶ. ಅಂದರೆ ನಾಲ್ಕು ಕುದುರೆಗೆ ಚಿಕಿತ್ಸೆ ಕೊಟ್ಟರೆ ಒಂದರ ಮರುಗಾಯ ತಪ್ಪೀತು. ಮೇವಿನ ಲೆಕ್ಕವೊಂದನ್ನೇ ಹಿಡಿದರೂ ಒಂದು ಇಂಜೆಕ್ಷನ್ನಿಗೆ ₹91,700ವರೆಗೆ ಕೊಡಬಹುದು. ಸಪಾಟು ಓಟದ ಶೇ 50ನ್ನು ಅದೇ 53ರ ಪಕ್ಕ ಇಟ್ಟರೆ ಇಳಿತ ಮೂರೇ ಅಂಶ, ಕೊಡಬಹುದಾದದ್ದು ₹10,080. ಚುಚ್ಚುವ ಕೋಶಗಳು ಅವೇ ಒಂದು ಕೋಟಿ, ದ್ರವ ಅದೇ ಎರಡು ಮಿ.ಲೀ.

ಆ ಒಂದು ಕೋಟಿ ಅಲ್ಲೇ ಉಳಿದು ಹೊಸ ಸ್ನಾಯುರಜ್ಜು ಕಟ್ಟುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗುರುತುಹಾಕಿದ ಕಾಂಡಕೋಶಗಳನ್ನು ಕುದುರೆಯ ಗಾಯಕ್ಕೆ ಚುಚ್ಚಿ ನೋಡಿದ 2010ರ ಬ್ರಿಟಿಷ್ ಅಧ್ಯಯನದಲ್ಲಿ ಹತ್ತನೇ ದಿನಕ್ಕೆ ಉಳಿದದ್ದು ನೂರಕ್ಕೆ ಐದಕ್ಕಿಂತ ಕಡಿಮೆ. ಕೋಟಿಯಲ್ಲಿ ಐದು ಲಕ್ಷವೂ ಇಲ್ಲ. ಇದ್ದಷ್ಟು ದಿನ ಅವು ಸ್ರವಿಸುವ ರಾಸಾಯನಿಕಗಳು ಉರಿಯೂತ ತಗ್ಗಿಸಿ, ಸ್ಥಳೀಯ ಕೋಶಗಳನ್ನು ಕೆಲಸಕ್ಕೆ ಹಚ್ಚುತ್ತವೆ ಎಂಬುದೇ ಈಗ ಹೆಚ್ಚಿನವರು ಒಪ್ಪುವ ವಿವರಣೆ. ಯುರೋಪಿನಲ್ಲಿ 2019ರಲ್ಲಿ ಕುದುರೆಯ ಕೀಲಿಗೆಂದು ಎರಡು ಸಿದ್ಧ ಕಾಂಡಕೋಶ ಔಷಧಗಳಿಗೆ ಪರವಾನಗಿ ಸಿಕ್ಕಿತು: ಆರ್ಟಿ-ಸೆಲ್ ಫೋರ್ಟೆ ಮತ್ತು ಹಾರ್ಸ್ಟೆಮ್. ಎರಡೂ ಬೇರೆ ಕುದುರೆಯ ಕೋಶಗಳಿಂದ ಮಾಡಿದವು, ಹಾಗಾಗಿ ತಿಂಗಳು ಕಾಯಬೇಕಾಗಿಲ್ಲ. ಹೊಕ್ಕುಳಬಳ್ಳಿಯಿಂದ ತಯಾರಾದ ಹಾರ್ಸ್ಟೆಮ್‌ನ ಒಂದು ಮಿ.ಲೀ. ಸೀಸೆಯ ಚೀಟಿಯ ಮೇಲೆ 1.5 ಕೋಟಿ ಕೋಶ ಎಂದು ಬರೆದಿರುತ್ತದೆ. ಪರವಾನಗಿಯಿಂದ ಆಗುವ ಮೊದಲ ಉಪಕಾರ ಅದು, ಸಂಖ್ಯೆ ಚೀಟಿಗೆ ಬರುತ್ತದೆ.

ನಾಯಿಗಳಲ್ಲಿ ಪರೀಕ್ಷೆ ಆರಂಭವಾದದ್ದು ಸಣ್ಣ ಸಂಖ್ಯೆಗಳಿಂದ. 2007ರಲ್ಲಿ ಸೊಂಟದ ಕೀಲು ಸವೆದ 21 ನಾಯಿ, ಮರುವರ್ಷ ಮೊಣಕೈ ಸವೆದ 14 ನಾಯಿ. ದೊಡ್ಡದು ಎನ್ನಬಹುದಾದದ್ದು 2016ರಲ್ಲಿ ಬಂದಿತು: 74 ನಾಯಿಗಳು, ಕೀಲಿಗೆ 1.2 ಕೋಟಿ ಕೋಶ, ಒಂದು ಗುಂಪಿಗೆ ಕೋಶ, ಇನ್ನೊಂದಕ್ಕೆ ಬರೀ ಲವಣ ದ್ರಾವಣ, ಯಾವುದು ಯಾರಿಗೆ ಎಂದು ಮಾಲೀಕರಿಗೂ ಪರೀಕ್ಷಿಸುವವರಿಗೂ ಗೊತ್ತಿಲ್ಲ. ಮಾಲೀಕರ ಅಂದಾಜಿನಲ್ಲಿ ಕೋಶ ಪಡೆದವುಗಳಲ್ಲಿ ಶೇ 79.2ರಷ್ಟು ಸುಧಾರಿಸಿದವು. ಲವಣ ದ್ರಾವಣ ಪಡೆದವುಗಳಲ್ಲಿ? ಶೇ 55.4.

ಈ ಎರಡನೆಯ ಅಂಕಿಯನ್ನು ಕ್ಲಿನಿಕ್ಕಿನ ಗೋಡೆಗೆ ಅಂಟಿಸಬೇಕು ಎಂಬುದು ನನ್ನ ಅಭಿಪ್ರಾಯ. ಉಪ್ಪುನೀರು ಚುಚ್ಚಿಸಿಕೊಂಡ ನಾಯಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಯಜಮಾನರ ಕಣ್ಣಿಗೆ ಚೇತರಿಸಿಕೊಂಡಿದ್ದವು. ಯಜಮಾನರನ್ನು ಮಾತ್ರ ದೂರುವಂತೆಯೂ ಇಲ್ಲ. 2012ರಲ್ಲಿ ಕೀಲುನೋವಿನ 58 ನಾಯಿಗಳ ಅಧ್ಯಯನದಲ್ಲಿ, ಸುಧಾರಿಸದೆ ಇದ್ದರೂ ಸುಧಾರಿಸಿದಂತೆ ಕಾಣುವ ಭ್ರಮೆ ಪಶುವೈದ್ಯರಲ್ಲೇ ನೂರಕ್ಕೆ 40ರಿಂದ 45 ಸಲ ಕಂಡುಬಂದಿತ್ತು. ಕಾಲಿನ ಒತ್ತಡ ಅಳೆಯುವ ಹಲಗೆಯ ಮೇಲೆ ನಾಯಿಯನ್ನು ನಡೆಸಿದರೆ ಆ ಭ್ರಮೆ ಹರಿಯುತ್ತದೆ, ಆದರೆ ಹಲಗೆ ಇರುವ ಆಸ್ಪತ್ರೆಗಳು ಬೆರಳೆಣಿಕೆ. 79.2ರಿಂದ 55.4 ಕಳೆದರೆ ಉಳಿಯುವ 23.8 ಚಿಕಿತ್ಸೆಯ ನಿಜವಾದ ಪಾಲು, ನಾಲ್ಕು ನಾಯಿಗೊಂದು. ಅದು ಕಡಿಮೆಯೇನಲ್ಲ. ಬೆಲೆ ಕಟ್ಟುವಾಗ ಮಾತ್ರ 79ಕ್ಕೆ ಕಟ್ಟದೆ 24ಕ್ಕೆ ಕಟ್ಟಬೇಕು. ಕಾಂಡಕೋಶ ಚಿಕಿತ್ಸೆಗೆ ₹1,00,000 ಖರ್ಚಾದರೆ, ನಿಜವಾಗಿ ಗುಣ ಕಂಡ ಒಂದು ನಾಯಿಗೆ ಬಿದ್ದ ಖರ್ಚು ₹4,20,000.

ಇದೇ ಕೀಲು ಸವೆತಕ್ಕೆ ದುಡ್ಡು ಉಳಿಸುವ ಚಿಕಿತ್ಸೆಯೂ ಒಂದಿದೆ. ಪ್ಯುರಿನಾ ಕಂಪನಿ 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಜೋಡಿಯ ಒಂದಕ್ಕೆ ಇನ್ನೊಂದಕ್ಕಿಂತ ಶೇ 25 ಕಡಿಮೆ ಊಟ ಹಾಕಿ ಜೀವಮಾನವಿಡೀ ಸಾಕಿತು. 2002ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ ಹೊಟ್ಟೆತುಂಬ ತಿಂದವುಗಳ ಮಧ್ಯಮ ಆಯಸ್ಸು 11.2 ವರ್ಷ, ಮಿತವಾಗಿ ತಿಂದವುಗಳದು 13. ಅರ್ಧದಷ್ಟು ನಾಯಿಗಳಿಗೆ ಕೀಲುನೋವಿನ ದೀರ್ಘ ಚಿಕಿತ್ಸೆ ಬೇಕಾದ ವಯಸ್ಸು 10.3ರಿಂದ 13.3ಕ್ಕೆ ಮುಂದೆ ಹೋಗಿತ್ತು. ಮೂರು ವರ್ಷ! ಮೊಸರನ್ನ, ಅದರ ಮೇಲೆ ಸಂಜೆ ಕಾಫಿಯ ಜೊತೆ ನಾಲ್ಕು ಬಿಸ್ಕತ್ತು, ಅಜ್ಜಿ ಕದ್ದು ಹಾಕುವ ತುಪ್ಪದ ಚಪಾತಿ ತಿಂದು 40 ಕೆ.ಜಿ. ದಾಟಿದ ನಾಯಿಯ ಮೊಣಕಾಲಿಗೆ ಪಿಆರ್‌ಪಿ ಚುಚ್ಚುವ ಮೊದಲು ತಟ್ಟೆಯ ಲೆಕ್ಕ ಕೇಳುವ ವೈದ್ಯರು ಸಿಕ್ಕರೆ ಅವರನ್ನು ಬಿಡಬೇಡಿ.

ಬೆಕ್ಕಿನ ಬಾಯಿ ಹುಣ್ಣಿನದು ಬೇರೆ ಕತೆ. ಎಲ್ಲ ಹಲ್ಲು ಕೀಳಿಸಿದರೂ ವಾಸಿಯಾಗದ ಒಂದು ಬಗೆಯ ಒಸಡಿನ ಉರಿಯೂತಕ್ಕೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಬೋವಾಜ್ ಆರ್ಜಿ ತಂಡ ಏಳು ಬೆಕ್ಕುಗಳಿಗೆ ಅವುಗಳದೇ ಕೊಬ್ಬಿನ ಕಾಂಡಕೋಶ ಎರಡು ಕೋಟಿಯಂತೆ ಎರಡು ಸಲ ರಕ್ತನಾಳಕ್ಕೆ ಕೊಟ್ಟಿತು. 2016ರ ವರದಿಯಂತೆ ಮೂರಕ್ಕೆ ಪೂರ್ಣ ಗುಣ, ಎರಡಕ್ಕೆ ಗಣನೀಯ ಸುಧಾರಣೆ, ಎರಡಕ್ಕೆ ಏನೂ ಇಲ್ಲ. ಏಳು ಬಹಳ ಸಣ್ಣ ಸಂಖ್ಯೆ. ಆದರೆ ಬೇರೆ ದಾರಿಯೆಲ್ಲ ಮುಗಿದಿದ್ದ ಬೆಕ್ಕುಗಳು ಇವು. ಹಾಗಾಗಿ ಓಟದ ಕುದುರೆಯ 113ಕ್ಕಿಂತ ಈ ಏಳರ ಮೇಲೆ ನನಗೆ ಹೆಚ್ಚು ಭರವಸೆ.

ಇಷ್ಟೆಲ್ಲ ಹೇಳಿದ್ದು ನಾಯಿ, ಬೆಕ್ಕು, ಓಟದ ಕುದುರೆಯ ಬಗ್ಗೆ. 2019ರ ಜಾನುವಾರು ಗಣತಿಯಂತೆ ದೇಶದಲ್ಲಿ ಕುದುರೆ ಮತ್ತು ತಟ್ಟುಗಳು ಸುಮಾರು 3.4 ಲಕ್ಷ. ದನಗಳು 19 ಕೋಟಿಗೂ ಹೆಚ್ಚು, ಎಮ್ಮೆಗಳು ಸುಮಾರು 11 ಕೋಟಿ. ದನದ ಕೊಟ್ಟಿಗೆಗೆ ಕಾಂಡಕೋಶ ಸದ್ಯಕ್ಕೆ ಬರಲಾರದು, ಪಿಆರ್‌ಪಿ ಬರಬಹುದು. ರಕ್ತ ಹಸುವಿನದೇ, ಅದಕ್ಕೆ ಬೆಲೆಯಿಲ್ಲ. ಪದೇ ಪದೇ ಬೆದೆಗೆ ಬಂದು, ಮೂರಕ್ಕೂ ಹೆಚ್ಚು ಸಲ ಕೃತಕ ಗರ್ಭಧಾರಣೆ ಮಾಡಿಸಿದರೂ ಗಬ್ಬ ನಿಲ್ಲದ ಹಸುವಿನ ಗರ್ಭಕೋಶಕ್ಕೆ ಪಿಆರ್‌ಪಿ ಹಾಕುವ ಪ್ರಯೋಗಗಳು ಇಟಲಿಯಲ್ಲಿ ನಡೆದಿವೆ. ಇಲ್ಲಿ ಅದು ಗಿಟ್ಟೀತೇ?

ಹಸು ಬೆದೆಗೆ ಬರುವುದು 21 ದಿನಕ್ಕೊಮ್ಮೆ. ಗಬ್ಬವಿಲ್ಲದ ಹಸುವಿನ ಮೇವು, ಹಿಂಡಿಗೆ ದಿನಕ್ಕೆ ₹150 ಹಿಡಿದರೆ ತಪ್ಪಿದ ಪ್ರತಿ ಸರದಿಗೆ ₹3,150 ನಷ್ಟ. ಇನ್ನು ಮೂರು ಸಲ ನೋಡಿ, ಆಗದಿದ್ದರೆ ರೈತ ಮಾರುತ್ತಾನೆ. ಹಾಗೆ ಮಾರಿದಾಗ, ಕೊನೆಯ ಸರದಿಯ ಮೇವೂ ಸೇರಿ, ₹30,000 ಕಳೆದುಕೊಳ್ಳುತ್ತಾನೆ ಎನ್ನೋಣ. ಪ್ರತಿ ಸಲ ಗಬ್ಬ ನಿಲ್ಲುವ ಸಾಧ್ಯತೆ ಶೇ 30 ಇದ್ದದ್ದು ಪಿಆರ್‌ಪಿಯಿಂದ 45ಕ್ಕೆ ಏರಿತು ಎಂಬ ಉದಾರ ಊಹೆಯಿಂದಲೇ ಶುರುಮಾಡಿ. ಮೂರೂ ಸಲ ತಪ್ಪುವ ಸಾಧ್ಯತೆ ಶೇ 34ರಿಂದ ಶೇ 17ಕ್ಕೆ ಇಳಿಯುತ್ತದೆ. ಮಾರಾಟದ ನಷ್ಟ ಸರಾಸರಿ ₹5,300ರಷ್ಟು ಕಡಿಮೆ, ಉಳಿದ ಮೇವು ಸುಮಾರು ₹1,060, ಒಟ್ಟು ಲಾಭ ₹6,360. ಖರ್ಚು? ಮೇಲಿನ ₹3,525ರ ದರದಲ್ಲಿ, ಪ್ರತಿ ಸರದಿಗೂ ಒಮ್ಮೆಯಂತೆ ಸರಾಸರಿ 1.85 ಸಲಕ್ಕೆ ₹6,530. ರೈತನ ಕೈಯಿಂದ ₹170 ಹೋಗುತ್ತದೆ. ಏರಿಕೆ 45ರ ಬದಲು ಬರೀ 40ಕ್ಕೆ ನಿಂತರೆ ಲಾಭ ₹4,530, ಖರ್ಚು ₹6,910. ಕೈಯಿಂದ ಹೋಗುವುದು ₹2,380.

ಬಿಲ್ಲಿನ ದೊಡ್ಡ ಭಾಗ ವೈದ್ಯರ ಸಮಯ, ಸೆಂಟ್ರಿಫ್ಯೂಜಿನಲ್ಲಿ ಟ್ಯೂಬಿಡಲು ಎಂಟು ತೂತು. ಒಂದೇ ಊರಿನ ನಾಲ್ಕು ಹಸುಗಳ ರಕ್ತವನ್ನು ಒಟ್ಟಿಗೆ ತಿರುಗಿಸಿ, ಎಣಿಕೆಯನ್ನೂ ಸೇರಿಸಿ ಮೂರು ಗಂಟೆಯಲ್ಲಿ ಮುಗಿಸಿದರೆ ಹಸುವಿಗೆ 45 ನಿಮಿಷ, ₹1,125. ಸಾಮಾನು ₹900, ಯಂತ್ರ ₹250 ಸೇರಿ ₹2,275. ಆಗ ಶೇ 40ರ ಲೆಕ್ಕದಲ್ಲೂ ಒಟ್ಟು ಖರ್ಚು ₹4,460ಕ್ಕೆ ಇಳಿದು, ರೈತನಿಗೆ ಎಪ್ಪತ್ತು ರೂಪಾಯಿ ಉಳಿಯುತ್ತದೆ. ತೊಡಕು ಒಂದೇ: ನಾಲ್ಕು ಹಸುಗಳು ಒಂದೇ ದಿನ ಬೆದೆಗೆ ಬರುವುದಿಲ್ಲ. ಬರಿಸಬೇಕೆಂದರೆ ಹಾರ್ಮೋನಿನ ಇಂಜೆಕ್ಷನ್ ಕೊಡಬೇಕು; ಉಳಿದ ಎಪ್ಪತ್ತು ರೂಪಾಯಿ ಅದಕ್ಕೇ ಸಾಲದು.